ಪ್ಲಗ್ ಕಿತ್ತಿಟ್ಟರೂ ರೂಟರ್ ಸುಟ್ಟಿದ್ದು ಹೇಗೆ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅಡಿಕೆ ತೋಟದ ಅಂಚಿನಲ್ಲಿ ಮನೆ. ಹೋದ ವರ್ಷ ಮೇ ತಿಂಗಳಲ್ಲಿ ಸಿಡಿಲಿಗೆ ಫೈಬರ್ ಬಾಕ್ಸ್, ರೂಟರ್ ಎರಡೂ ಹೋದವು. ಆಮೇಲೆ ಸ್ಪೈಕ್ ಬಸ್ಟರ್ ತಂದು ಹಾಕಿದೆ. ಈ ವರ್ಷ ಭರಣಿ ಮಳೆಯ ದಿನ ಗುಡುಗು ಶುರುವಾದ ಕೂಡಲೇ ರೂಟರಿನ ಪ್ಲಗ್ ಕಿತ್ತೇ ಇಟ್ಟಿದ್ದೆ. ಆದರೂ ರೂಟರ್ ಹೋಯಿತು. ಜೊತೆಗೆ ಟಿವಿಯ ಎಚ್‌ಡಿಎಂಐ ಪೋರ್ಟ್ ಮತ್ತು ಕೊಟ್ಟಿಗೆ ಹತ್ತಿರದ ಕ್ಯಾಮೆರಾ. ಫೈಬರ್‌ಗೆ ಸಿಡಿಲಿನ ಭಯ ಇಲ್ಲ ಅಂತಾರಲ್ಲ? ಮನೆಯಿಂದಲೇ ಕೆಲಸ ಮಾಡುವುದರಿಂದ ನನಗೆ ನೆಟ್ ಬೇಕೇ ಬೇಕು. ಮನೆ ಮೇಲೆ ಲೈಟ್ನಿಂಗ್ ಅರೆಸ್ಟರ್ ಹಾಕಿಸಿದರೆ ಸಾಕಾ? ಇನ್ನೊಂದು: ಗುಡುಗು ಬಂದರೆ ಅಮ್ಮ ಎಲ್ಲರ ಮೊಬೈಲೂ ಆಫ್ ಮಾಡಿಸುತ್ತಾರೆ. ಅದು ಸರಿಯಾ?

ಉತ್ತರ: ನೀವು ಕಳಿಸಿದ ಎರಡು ಫೋಟೊಗಳನ್ನು ಮತ್ತೆ ಮತ್ತೆ ನೋಡಿದೆ. ಒಂದರಲ್ಲಿ ಮೀಟರ್ ಬೋರ್ಡ್ ಇದೆ. ಇನ್ನೊಂದರಲ್ಲಿ ಸುಟ್ಟ ರೂಟರಿನ ಹಿಂಭಾಗ. ಆ ಎರಡನೇ ಫೋಟೊದಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಇದೆ. ಪವರ್ ಪಿನ್ ಹೊರಗಿದೆ, ನಿಜ. ಆದರೆ ಮೂರನೇ ಪೋರ್ಟಿನಲ್ಲಿ ನೀಲಿ ಲ್ಯಾನ್ ಕೇಬಲ್ ಒಂದು ಹಾಗೇ ಕೂತಿದೆ. ಅದು ಎಲ್ಲಿಗೆ ಹೋಗುತ್ತದೆ ಅಂತ ಫೋನಿನಲ್ಲಿ ಕೇಳಿದಾಗ ನೀವು ಹೇಳಿದ್ದು, ಅಂಗಳ ದಾಟಿ ಕೊಟ್ಟಿಗೆ ಹತ್ತಿರದ ಕ್ಯಾಮೆರಾಕ್ಕೆ, ಸುಮಾರು 60 ಮೀಟರ್. ಆ ಕ್ಯಾಮೆರಾದ ಅಡಾಪ್ಟರ್ ಇರುವುದು ಪಂಪ್ ಶೆಡ್ಡಿನ ಪ್ಲಗ್ಗಿನಲ್ಲಿ. ಅದನ್ನು ಯಾರೂ ಕಿತ್ತಿರಲಿಲ್ಲ.

ಅಂದರೆ ನೀವು ಒಂದು ಬಾಗಿಲು ಹಾಕಿದಿರಿ, ಇನ್ನೊಂದು ತೆರೆದೇ ಇತ್ತು. ಇದರಲ್ಲಿ ನಿಮ್ಮ ತಪ್ಪೇನಿಲ್ಲ. ಕರೆಂಟ್ ಅಂದರೆ ಪ್ಲಗ್ಗಿನಿಂದಲೇ ಬರುವುದು ಅಂತ ನಮಗೆಲ್ಲ ಅಭ್ಯಾಸ. ಸಿಡಿಲಿಗೆ ಆ ಕಟ್ಟುಪಾಡಿಲ್ಲ. ಅದಕ್ಕೆ ಉದ್ದನೆಯ ತಾಮ್ರದ ತಂತಿ ಯಾವುದಾದರೂ ಸರಿ.

ಸಿಡಿಲು ನಿಮ್ಮ ಮನೆಗೇ ಬಡಿಯಬೇಕು ಅಂತಲೂ ಇಲ್ಲ. ಒಂದು ಸಾಮಾನ್ಯ ಸಿಡಿಲಿನಲ್ಲಿ ಸುಮಾರು 30,000 ಆಂಪಿಯರ್ ಕರೆಂಟ್ ಹರಿಯುತ್ತದೆ. ದೊಡ್ಡದಾದರೆ 2 ಲಕ್ಷದ ಹತ್ತಿರಕ್ಕೂ ಹೋಗಬಹುದು. ನಿಮ್ಮ ಇಸ್ತ್ರಿಪೆಟ್ಟಿಗೆ ಎಳೆಯುವುದು ನಾಲ್ಕೈದು ಆಂಪಿಯರ್, ಹೋಲಿಸಿ ನೋಡಿ. ಇಷ್ಟೊಂದು ಕರೆಂಟ್ ಕಣ್ಣು ಮಿಟುಕಿಸುವುದಕ್ಕಿಂತ ಬಹಳ ಬೇಗ, ಸೆಕೆಂಡಿನ ಲಕ್ಷದ ಒಂದೆರಡು ಭಾಗದೊಳಗೆ ಏರಿ ಇಳಿಯಲು ಶುರು ಮಾಡುತ್ತದೆ. ನೂರು ಮೀಟರ್ ಆಚೆ ತೆಂಗಿನ ಮರಕ್ಕೆ ಬಡಿದರೂ ಸುತ್ತಲಿನ ಪ್ರತಿಯೊಂದು ಉದ್ದದ ತಂತಿಯಲ್ಲೂ ವೋಲ್ಟೇಜ್ ಹುಟ್ಟುತ್ತದೆ. ಸರ್ವಿಸ್ ವೈರ್, ಪಂಪಿನ ವೈರ್, ಡಿಶ್ ಕೇಬಲ್, ಲ್ಯಾನ್ ಕೇಬಲ್, ಎಲ್ಲದರಲ್ಲೂ. ತಂತಿ ಉದ್ದ ಇದ್ದಷ್ಟೂ ಜಾಸ್ತಿ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ, ಉಳಿದದ್ದೆಲ್ಲ ಅದರಿಂದಲೇ ತಿಳಿಯುತ್ತದೆ. ಯಂತ್ರ ಸುಡುವುದು ವೋಲ್ಟೇಜ್ ಏರಿತು ಅಂತಲ್ಲ. ಅದಕ್ಕೆ ಬಂದು ಸೇರುವ ಎರಡು ತಂತಿಗಳ ನಡುವೆ ವ್ಯತ್ಯಾಸ ಬಂತು ಅಂತ. 11 ಸಾವಿರ ವೋಲ್ಟಿನ ಲೈನ್ ಮೇಲೆ ಕಾಗೆ ಆರಾಮಾಗಿ ಕೂರುತ್ತದೆ ಅಲ್ವಾ? ಎರಡು ಕಾಲೂ ಒಂದೇ ತಂತಿ ಮೇಲಿವೆ. ಇನ್ನೊಂದು ತಂತಿಗೆ ರೆಕ್ಕೆ ತಾಗಿತೋ, ಮುಗಿಯಿತು. ನಿಮ್ಮ ರೂಟರಿಗೆ ಒಂದು ಕಾಲು ಮನೆಯ ವೈರಿಂಗಿನಲ್ಲಿತ್ತು, ಇನ್ನೊಂದು ಪಂಪ್ ಶೆಡ್ಡಿನ ಕಡೆಗಿತ್ತು. ಮನೆಯ ಕಾಲನ್ನು ನೀವು ಪವರ್ ಕಡೆಯಿಂದ ಎತ್ತಿದಿರಿ. ಆದರೆ ನೀವೇ ಹೇಳಿದಂತೆ ಅದೇ ರೂಟರಿನಿಂದ ಇನ್ನೊಂದು ಲ್ಯಾನ್ ಕೇಬಲ್ ಟಿವಿಗೂ ಹೋಗಿತ್ತು. ಟಿವಿ, ಸೆಟ್ ಟಾಪ್ ಬಾಕ್ಸ್ ಎರಡರ ಪ್ಲಗ್ಗೂ ಗೋಡೆಯಲ್ಲೇ ಇದ್ದವು. ಕೊಟ್ಟಿಗೆಯಿಂದ ಕ್ಯಾಮೆರಾ, ಕ್ಯಾಮೆರಾದಿಂದ ರೂಟರ್, ರೂಟರಿನಿಂದ ಟಿವಿ, ಟಿವಿಯ ಎಚ್‌ಡಿಎಂಐನಿಂದ ಸೆಟ್ ಟಾಪ್ ಬಾಕ್ಸ್, ಅಲ್ಲಿಂದ ಮಾಡಿನ ಮೇಲಿನ ಡಿಶ್. ಏನೇನು ಸುಟ್ಟಿದೆ ಅಂತ ಸಾಲಾಗಿ ಇಟ್ಟು ನೋಡಿದರೆ ಸಿಡಿಲು ನಡೆದ ದಾರಿ ಕಾಣುತ್ತದೆ.

ಲ್ಯಾನ್ ಪೋರ್ಟಿನ ಹಿಂದೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಅಡಿಕೆ ಹೋಳಿಗಿಂತ ಚಿಕ್ಕದು. ಅದು 1500 ವೋಲ್ಟಿನವರೆಗೆ ತಡೆಯಬೇಕು ಅಂತ ನಿಯಮ. ಸಣ್ಣಪುಟ್ಟ ತೊಂದರೆಗೆ ಅಷ್ಟು ಸಾಕು. ಸಿಡಿಲಿಗೆ ಸಾಲದು. ನಾನು ಬಿಚ್ಚಿದ ಇಂಥ ರೂಟರ್‌ಗಳಲ್ಲಿ ಹೊರಗೆ ಏನೂ ಕಾಣುವುದಿಲ್ಲ. ಒಳಗೆ ಆ ಪುಟ್ಟ ಕಪ್ಪು ಪೆಟ್ಟಿಗೆಯ ಪಕ್ಕದ ಚಿಪ್ಪಿನ ನಡುವೆ ಸಾಸಿವೆ ಕಾಳಿನಷ್ಟು ತೂತು. ಸುತ್ತ ಬೋರ್ಡಿನ ಮೇಲೆ ಮಸಿ. ತಾಮ್ರದ ಗೆರೆ ಎರಡು ಕಡೆ ಆವಿಯಾಗಿ ಹೋಗಿ ಬರೀ ಅದರ ಗುರುತು ಉಳಿದಿರುತ್ತದೆ. ಪವರ್ ಕಡೆಯ ಭಾಗಗಳೆಲ್ಲ ಹೊಸದರಂತೆ ಹೊಳೆಯುತ್ತಿರುತ್ತವೆ. ನಿಮ್ಮ ಹಳೆ ರೂಟರ್ ಇನ್ನೂ ಎಸೆದಿಲ್ಲವಾದರೆ ನಾಲ್ಕು ಸ್ಕ್ರೂ ಬಿಚ್ಚಿ ನೋಡಿ. ಹೀಗೇ ಇದ್ದರೆ ನನ್ನ ಊಹೆ ಸರಿ.

ಈಗ ಫೈಬರ್ ವಿಷಯ. ಹೇಳಿದವರು ಅರ್ಧ ಸತ್ಯ ಹೇಳಿದ್ದಾರೆ. ಫೈಬರ್ ಎಳೆ ಗಾಜು. ಅದರಲ್ಲಿ ಹೋಗುವುದು ಬೆಳಕು. ಹಳೆ ತಾಮ್ರದ ಟೆಲಿಫೋನ್ ಲೈನ್ ಇದ್ದಾಗ ಮೈಲುಗಟ್ಟಲೆ ತಂತಿ ಸಿಡಿಲನ್ನು ನೇರ ಮೋಡೆಮ್ಮಿಗೆ ತಂದು ಕೊಡುತ್ತಿತ್ತು. ಮಲೆನಾಡಿನಲ್ಲಿ ಒಂದೊಂದು ಮಳೆಗಾಲಕ್ಕೆ ಎರಡು ಮೋಡೆಮ್ ಬದಲಿಸಿದವರಿದ್ದಾರೆ. ಆ ಕಾಟ ತಪ್ಪಿತು, ಅಷ್ಟು ದೊಡ್ಡ ಉಪಕಾರ. ಆದರೆ ಕಂಬದಿಂದ ಮನೆಗೆ ಎಳೆಯುವ ಕಪ್ಪು ಕೇಬಲ್ಲಿನಲ್ಲಿ ಎಷ್ಟೋ ಸಲ ಗಾಜಿನ ಜೊತೆ ಒಂದು ಉಕ್ಕಿನ ತಂತಿಯೂ ಇರುತ್ತದೆ, ಕೇಬಲ್ ಜೋತು ಬೀಳದಿರಲಿ ಅಂತ. ಆ ಉಕ್ಕಿನ ತಂತಿ ಮನೆ ಒಳಗೆ ಬರಲೇಬಾರದು. ಹೊರಗೋಡೆಯ ಕೊಕ್ಕೆಗೆ ಬಿಗಿದು ಅಲ್ಲೇ ಕತ್ತರಿಸಬೇಕು. ಗಾಜಿನ ಎಳೆ ಇರುವ ಭಾಗ ಮಾತ್ರ ಒಳಗೆ. ನಿಮ್ಮ ಮನೆಯಲ್ಲಿ ಕೇಬಲ್ ಕಿಟಕಿಯಿಂದ ಒಳಗೆ ಬರುವ ಜಾಗ ನೋಡಿ. ಬೆರಳಿನಿಂದ ಬಗ್ಗಿಸಿದರೆ ಒಂದು ಅಂಚು ಗಡುಸಾಗಿ ಸಿಗುತ್ತದಾ? ಹಾಗಿದ್ದರೆ ಫೈಬರ್ ಹಾಕಿದ ಹುಡುಗನನ್ನೇ ಕರೆಸಿ ಸರಿ ಮಾಡಿಸಿ. ನೀವೇ ಕತ್ತರಿ ಹಾಕಬೇಡಿ, ಗಾಜು ತುಂಡಾದರೆ ಜೋಡಿಸಲು ಬೇರೆ ಯಂತ್ರವೇ ಬೇಕು.

ಹೋದ ವರ್ಷದ ಸುಡುವಿಕೆ ಬಹುಶಃ ಕರೆಂಟಿನ ಕಡೆಯಿಂದಲೇ ಬಂದದ್ದು. ಫೈಬರ್ ಬಾಕ್ಸ್ ಮತ್ತು ರೂಟರ್ ಎರಡರ ಅಡಾಪ್ಟರೂ ಸತ್ತಿದ್ದವು ಅಂದಿರಿ. ಅದಕ್ಕೆ ನೀವು ತಂದ ಮದ್ದು ಸ್ಪೈಕ್ ಬಸ್ಟರ್. ಅದರೊಳಗೆ ಕೆಲಸ ಮಾಡುವುದು ಒಂದು ಸಣ್ಣ ಬಿಲ್ಲೆ, ಸತು ಆಕ್ಸೈಡಿನದು. ಎಂಒವಿ ಅಂತಾರೆ. ನೀಲಿ ಇಲ್ಲವೇ ಹಳದಿ ಬಣ್ಣ, ಕಡಲೆಬೇಳೆ ದೊಡ್ಡದಾದರೆ ಹೇಗೋ ಹಾಗೆ, ಎರಡು ಕಾಲು. ಮಾಮೂಲು 230 ವೋಲ್ಟಿಗೆ ಅದು ಸುಮ್ನೆ ಕೂತಿರುತ್ತದೆ. ವೋಲ್ಟೇಜ್ ಮಿತಿ ಮೀರಿದ ಕ್ಷಣ ದಾರಿ ಬಿಟ್ಟು ಹೆಚ್ಚಿನ ಕರೆಂಟನ್ನು ಪಕ್ಕಕ್ಕೆ ಹರಿಸುತ್ತದೆ. ಒಡ್ಡಿನ ಕೋಡಿ ಇದ್ದಂತೆ. ಆದರೆ ಪ್ರತಿ ಸಲ ಹೀಗೆ ಹರಿಸಿದಾಗಲೂ ಅದು ಸ್ವಲ್ಪ ಸವೆಯುತ್ತದೆ. ಕೆಲವು ಹೊಡೆತ ತಿಂದ ಮೇಲೆ ಸೀಳುತ್ತದೆ. ಆಮೇಲೆ ಅದು ಬರೀ ಎಕ್ಸ್‌ಟೆನ್ಷನ್ ಬಾಕ್ಸ್. ಕೆಂಪು ದೀಪ ಉರಿಯುತ್ತಲೇ ಇರುತ್ತದೆ, ಯಾಕೆಂದರೆ ಬಹಳಷ್ಟು ಬಾಕ್ಸ್‌ಗಳಲ್ಲಿ ಆ ದೀಪ ಹೇಳುವುದು ಕರೆಂಟ್ ಇದೆ ಅಂತ ಮಾತ್ರ. ಬಿಲ್ಲೆ ಬದುಕಿದೆ ಅಂತ ಅಲ್ಲ. ಕೊಳ್ಳುವಾಗ ಬಿಲ್ಲೆ ಸತ್ತರೆ ತೋರಿಸುವ ಬೇರೆ ದೀಪ ಇರುವುದನ್ನೇ ಕೇಳಿ. ಅದರ ಮೇಲೆ ಎಷ್ಟು ಜೂಲ್ (ಎಷ್ಟು ಹೊಡೆತ ತಾಳುತ್ತದೆ ಅನ್ನುವ ಅಳತೆ) ಅಂತ ಬರೆದಿರುವುದನ್ನೂ ನೋಡಿ. ಏನೂ ಬರೆದಿಲ್ಲ ಅಂದರೆ ಒಳಗೆ ಬಿಲ್ಲೆಯೇ ಇಲ್ಲದಿರಲೂಬಹುದು.

ಇನ್ನೊಂದು ದೊಡ್ಡ ಕೊರತೆ ಬಾಕ್ಸಿನದಲ್ಲ, ಗೋಡೆಯದು. ಸ್ಪೈಕ್ ಬಸ್ಟರ್ ಹೆಚ್ಚಿನ ಕರೆಂಟನ್ನು ಅರ್ಥಿಂಗಿಗೆ ಕಳಿಸಬೇಕು. ನಿಮ್ಮ ಆ ಪ್ಲಗ್ಗಿನ ಮೇಲಿನ ದೊಡ್ಡ ತೂತಿನ ಹಿಂದೆ ಹಸಿರು ವೈರ್ ಇದೆಯಾ? ಹಳೆ ಮನೆಗಳಲ್ಲಿ ಆ ತೂತು ಅಂದಕ್ಕೆ ಮಾತ್ರ ಇರುತ್ತದೆ. ವೈರ್ ಇದ್ದರೂ ಅದು ಅರ್ಥಿಂಗ್ ಗುಂಡಿಯವರೆಗೆ ಮುಟ್ಟಿದೆಯಾ?

ನಿಮ್ಮ ಮೀಟರ್ ಬೋರ್ಡಿನ ಫೋಟೊ ನೋಡಿ ನನಗೆ ಕಳವಳ ಆದದ್ದು ಇಲ್ಲೇ. ಬೋರ್ಡಿನಿಂದ ಕೆಳಗಿಳಿದ ಜಿಐ (ಸತು ಲೇಪದ ಕಬ್ಬಿಣ) ತಂತಿ ನೆಲದ ಹತ್ತಿರ ತುಕ್ಕು ಹಿಡಿದು ನೂಲಿನಂತಾಗಿದೆ. ಅರ್ಥಿಂಗ್ ಸರಿ ಇಲ್ಲದ ಮನೆಗೆ ಎಷ್ಟು ದುಬಾರಿ ಸಾಮಾನು ತಂದು ಹಾಕಿದರೂ ಅರ್ಧ ಪ್ರಯೋಜನ. ಮೊದಲ ದುಡ್ಡು ಇಲ್ಲಿಗೆ ಹೋಗಲಿ. ಯಂತ್ರಗಳ ಮಾತು ಬಿಡಿ, ಮನೆಮಂದಿಯ ಜೀವದ ಪ್ರಶ್ನೆ ಇದು. ಗ್ರೈಂಡರಿನ ಮೈಗೆ ಕರೆಂಟ್ ಬಂದರೆ ಅದನ್ನು ಇಳಿಸಿಕೊಳ್ಳಬೇಕಾದ್ದು ಇದೇ ತಂತಿ.

ಶಿರಸಿ ಕಡೆಯ ಜಂಬಿಟ್ಟಿಗೆ ನೆಲಕ್ಕೆ ಒಂದು ತೊಂದರೆ ಇದೆ. ಅದು ಕರೆಂಟನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಒಣಗಿದರಂತೂ ಇನ್ನೂ ಕಷ್ಟ. ನಮ್ಮಲ್ಲಿ ಗುಡುಗು ಸಿಡಿಲು ಜೋರಾಗುವುದು ಏಪ್ರಿಲ್, ಮೇನಲ್ಲಿ, ಆಮೇಲೆ ಚಿತ್ತೆ, ಸ್ವಾತಿ ಮಳೆಯ ಹೊತ್ತಿಗೆ ಇನ್ನೊಮ್ಮೆ. ಜುಲೈನಲ್ಲಿ ಹಗಲು ರಾತ್ರಿ ಸುರಿದರೂ ಸಿಡಿಲು ಕಡಿಮೆ. ಅಂದರೆ ಏಪ್ರಿಲ್, ಮೇನಲ್ಲಿ ನೆಲ ಬಿರುಕು ಬಿಟ್ಟು ಒಣಗಿದ ಹೊತ್ತಿಗೆ ಸರಿಯಾಗಿ ಸಿಡಿಲು ಬರುತ್ತದೆ. ಅರ್ಥಿಂಗ್ ಅತ್ಯಂತ ದುರ್ಬಲವಾಗಿರುವ ವಾರವೇ ಅದಕ್ಕೆ ಜಾಸ್ತಿ ಕೆಲಸ. ಹಿಂದಿನವರು ಅರ್ಥಿಂಗ್ ಗುಂಡಿಯನ್ನು ಬಚ್ಚಲ ನೀರು ಹರಿಯುವ ಕಡೆ ತೋಡಿಸುತ್ತಿದ್ದರು. ಬಹಳ ಜಾಣ ಕೆಲಸ ಅದು.

ಹೊಸ ಗುಂಡಿ ಮಾಡಿಸುವಾಗ ಮೀಟರ್ ಬೋರ್ಡಿಗೆ ಆದಷ್ಟು ಹತ್ತಿರ ಮಾಡಿಸಿ. ಎರಡೂವರೆ ಮೀಟರಿನ ಜಿಐ ಪೈಪ್ ಪೂರ್ತಿ ನೆಲದೊಳಗೆ ಇಳಿಯಬೇಕು. ಕಲ್ಲು ಸಿಕ್ಕಿತು ಅಂತ ಅರ್ಧಕ್ಕೆ ಕತ್ತರಿಸಿ ಬಿಡುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ನೀವು ಪಕ್ಕದಲ್ಲೇ ನಿಂತಿರಿ. ಉಪ್ಪು, ಇದ್ದಿಲು ಹಾಕುವುದು ಹಳೆ ಪದ್ಧತಿ. ಕೆಲಸ ಮಾಡುತ್ತದೆ, ಆದರೆ ಉಪ್ಪು ಪೈಪನ್ನೇ ತಿನ್ನುತ್ತದೆ, ಮಳೆಗೆ ತೊಳೆದೂ ಹೋಗುತ್ತದೆ. ಬೆಂಟೊನೈಟ್ ಅನ್ನುವ ಜೇಡಿಮಣ್ಣಿನ ಪುಡಿ ಹಾಕಿಸಿದರೆ ಹೆಚ್ಚು ಕಾಲ ತೇವ ಹಿಡಿದಿಡುತ್ತದೆ. ಒಂದು ಪೈಪಿನಿಂದ ಸಾಲದಿದ್ದರೆ ಐದಾರು ಮೀಟರ್ ದೂರದಲ್ಲಿ ಇನ್ನೊಂದು ಹಾಕಿ ಎರಡನ್ನೂ ಜೋಡಿಸಬೇಕು. ಆಮೇಲೆ ವೈರ್‌ಮನ್ ಹತ್ತಿರ ಅರ್ಥ್ ಟೆಸ್ಟರ್ ತರಿಸಿ ಅಳೆಸಿ. ಐದು ಓಮ್ (ನೆಲ ಕರೆಂಟಿಗೆ ಒಡ್ಡುವ ಅಡ್ಡಿಯ ಅಳತೆ) ಒಳಗೆ ಬಂದರೆ ಬಹಳ ಒಳ್ಳೆಯದು. ನಿಮ್ಮ ನೆಲದಲ್ಲಿ ಹತ್ತು ಬಂದರೂ ಈಗಿರುವುದಕ್ಕಿಂತ ಎಷ್ಟೋ ವಾಸಿ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹುಯ್ಯಿರಿ.

ಎಷ್ಟೇ ಒಳ್ಳೆಯ ಗುಂಡಿ ಆದರೂ ಸಿಡಿಲನ್ನು ನುಂಗಿ ಸುಮ್ಮನಾಗುವುದಿಲ್ಲ. ಲೆಕ್ಕ ಸರಳ. ಹತ್ತು ಓಮ್ ಗುಂಡಿಗೆ ಸಿಡಿಲಿನ ಒಂದು ಪಾಲು, ಸುಮ್ನೆ ಸಾವಿರ ಆಂಪಿಯರ್ ಅನ್ನಿ, ಇಳಿಯಿತು ಅಂದರೆ ಆ ಕ್ಷಣಕ್ಕೆ ನಿಮ್ಮ ಅರ್ಥಿಂಗೇ ಹತ್ತು ಸಾವಿರ ವೋಲ್ಟಿಗೆ ಏರುತ್ತದೆ. ಕೊಟ್ಟಿಗೆ ಕಡೆಯ ನೆಲ ಏರಿರುವುದಿಲ್ಲ. ಈ ಎರಡರ ನಡುವೆ ಲ್ಯಾನ್ ಕೇಬಲ್ ಎಳೆದಿದ್ದರೆ ಗತಿ ಏನು? ಅದಕ್ಕೇ ಹೇಳಿದ್ದು, ಏರಿದರೆ ಎಲ್ಲ ಒಟ್ಟಿಗೆ ಏರಬೇಕು. ಮನೆಯಲ್ಲಿ ಎರಡು ಮೂರು ಅರ್ಥಿಂಗ್ ಇದ್ದರೆ ಅವನ್ನೆಲ್ಲ ಒಂದಕ್ಕೊಂದು ದಪ್ಪ ತಂತಿಯಿಂದ ಜೋಡಿಸಬೇಕು. ಇನ್ವರ್ಟರಿಗೆ ಬೇರೆ, ಡಿಶ್‌ಗೆ ಬೇರೆ, ಸೋಲಾರಿಗೆ ಬೇರೆ ಗುಂಡಿ ತೋಡಿ ಜೋಡಿಸದೇ ಬಿಡುವುದು ಒಳ್ಳೆಯದು ಅಂತ ಹೇಳುವವರಿದ್ದಾರೆ. ದಯವಿಟ್ಟು ಕೇಳಬೇಡಿ. ಕಾಗೆಯ ಎರಡನೇ ಕಾಲನ್ನು ಬೇರೆ ತಂತಿಗೆ ಕಟ್ಟಿದಂತೆ ಅದು.

ಅರ್ಥಿಂಗ್ ಆದ ಮೇಲೆ ಮೀಟರ್ ಬೋರ್ಡಿನಲ್ಲಿ ಎಸ್‌ಪಿಡಿ ಹಾಕಿಸಿ. ಸರ್ಜ್ ಪ್ರೊಟೆಕ್ಷನ್ ಡಿವೈಸ್ ಅಂತ ಕೇಳಿದರೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಗೊತ್ತಾಗುತ್ತದೆ. ನೋಡಲು ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಥರ, ಮುಂದೆ ಹಸಿರು ಕಿಟಕಿ. ಅದು ಕೆಂಪಾದರೆ ಒಳಗಿನ ಕಾರ್ಟ್ರಿಜ್ ಬದಲಿಸಬೇಕು ಅಂತ ಅರ್ಥ. ಸ್ಪೈಕ್ ಬಸ್ಟರಿನ ಬಿಲ್ಲೆಯ ದೊಡ್ಡಣ್ಣ ಇದು, ಇಡೀ ಮನೆಗೆ ಒಂದು. ಟೈಪ್ 2 ಅಂತ ಬರೆದಿರುವುದು ನಿಮಗೆ ಬೇಕು. ಮಾಡಿನ ಮೇಲೆ ಅರೆಸ್ಟರ್ ಇದ್ದರೆ ಮಾತ್ರ ಟೈಪ್ 1 ಮತ್ತು 2 ಎರಡೂ ಸೇರಿರುವುದು ಬೇಕಾಗುತ್ತದೆ. ಹಳ್ಳಿ ಲೈನಿನಲ್ಲಿ ರಾತ್ರಿ ವೋಲ್ಟೇಜ್ ಏರುವುದರಿಂದ 275 ವೋಲ್ಟಿನದಕ್ಕಿಂತ 320 ವೋಲ್ಟಿನದು ಲೇಸು. ನಮ್ಮ ಹಳ್ಳಿ ಮನೆಗಳಿಗೆ ಸ್ವಂತ ಗುಂಡಿಯ ಅರ್ಥಿಂಗ್ ಇರುವುದರಿಂದ ಸಿಂಗಲ್ ಫೇಸಿಗೆ 1+1, ತ್ರೀ ಫೇಸಿಗೆ 3+1 ಅಂತ ಗುರುತಿರುವುದನ್ನೇ ಕೇಳಿ.

ಬೆಲೆ ಕೆಲವು ಸಾವಿರ. ಆದರೆ ಹಾಕುವ ರೀತಿ ತಪ್ಪಿದರೆ ಆ ದುಡ್ಡು ದಂಡ. ವೈರ್‌ಮನ್‌ಗೆ ಒಂದೇ ಮಾತು ಹೇಳಿ: ಎಸ್‌ಪಿಡಿಗೆ ಹೋಗುವ ವೈರ್, ಅದರಿಂದ ಅರ್ಥಿಂಗ್ ಬಾರ್‌ಗೆ ಬರುವ ವೈರ್, ಎರಡೂ ಸೇರಿ ಅರ್ಧ ಮೀಟರ್ ದಾಟಬಾರದು. ಸುತ್ತು, ಮಡಿಕೆ ಬೇಡ. ಯಾಕೆ ಅಂದರೆ, ಇಷ್ಟು ವೇಗವಾಗಿ ಏರುವ ಕರೆಂಟಿಗೆ ನೇರ ವೈರೂ ಅಡ್ಡಿಯೇ. ಒಂದು ಮೀಟರ್ ವೈರಿನಲ್ಲೇ ಸಾವಿರ ವೋಲ್ಟ್ ಉಳಿದುಬಿಡಬಹುದು, ಅದಷ್ಟೂ ನಿಮ್ಮ ಟಿವಿಗೆ ಹೋಗುತ್ತದೆ. ಬೋರ್ಡ್ ಅಂದ ಕಾಣಲಿ ಅಂತ ವೈರನ್ನು ಸುತ್ತ ತಿರುಗಿಸಿ ಚೆಂದವಾಗಿ ಕಟ್ಟಿದ ಎಸ್‌ಪಿಡಿಗಳನ್ನು ನಾನು ಬಿಚ್ಚಿಸಿ ಮತ್ತೆ ಹಾಕಿಸಿದ್ದೇನೆ.

ಎಸ್‌ಪಿಡಿಯಿಂದ ಆಗದ ಕೆಲಸವೂ ಒಂದಿದೆ. ಗಾಳಿ ಮಳೆಗೆ ಕೊಂಬೆ ಮುರಿದು ಲೈನಿನ ನ್ಯೂಟ್ರಲ್ ತುಂಡಾಯಿತು ಅನ್ನಿ. ಆಗ ಮನೆಗೆ 230ರ ಬದಲು 300, 350, ಕೆಲವೊಮ್ಮೆ 400ರ ಹತ್ತಿರ ಬರುತ್ತದೆ. ಅದೂ ಕ್ಷಣಕ್ಕಲ್ಲ, ಲೈನ್‌ಮನ್ ಬರುವ ತನಕ. ಸಿಡಿಲಿಗೆ ಸುಟ್ಟಿತು ಅಂತ ನಾವು ಹೇಳುವ ಎಷ್ಟೋ ಫ್ರಿಡ್ಜ್, ಟಿವಿಗಳು ಸುಟ್ಟದ್ದು ಹೀಗೆ. ಕಣ್ಣು ಮಿಟುಕಿಸುವಷ್ಟೂ ಹೊತ್ತು ಬಾಳದ ಹೊಡೆತಕ್ಕೆ ಮಾಡಿದ ಬಿಲ್ಲೆ ಇಷ್ಟು ಹೊತ್ತಿನ ಹೊಡೆತಕ್ಕೆ ತಾನೇ ಸುಟ್ಟು ಹೋಗುತ್ತದೆ. ಇದಕ್ಕೆ ಬೇಕಾದ್ದು ವೋಲ್ಟೇಜ್ ಮೇಲೆ ಕೆಳಗೆ ಆದರೆ ತಾನೇ ಕಡಿದು, ಸರಿಯಾದ ಮೇಲೆ ತಾನೇ ಕೂಡಿಸುವ ರಿಲೇ. ಅದೂ ಬೋರ್ಡಿನಲ್ಲಿ ಎಂಸಿಬಿ ಪಕ್ಕ ಕೂರುತ್ತದೆ. ನಿಮ್ಮ ಊರಿನಲ್ಲಿ ಮರ ಬಿದ್ದು ಲೈನ್ ತುಂಡಾಗುವುದು ಮಾಮೂಲು ಅಂದಿರಲ್ಲ, ಎಸ್‌ಪಿಡಿ ಜೊತೆಗೇ ಇದನ್ನೂ ಹಾಕಿಸಿ. ಹಾಗೇ ಟಿಸಿ (ಊರಿನ ಟ್ರಾನ್ಸ್‌ಫಾರ್ಮರ್) ಹತ್ತಿರ ಹೋದಾಗ ಒಮ್ಮೆ ದೂರದಿಂದಲೇ ತಲೆ ಎತ್ತಿ ನೋಡಿ. 11 ಸಾವಿರ ವೋಲ್ಟಿನ ಮೂರು ತಂತಿಗೂ ಒಂದೊಂದು ಅರೆಸ್ಟರ್ ಇರಬೇಕು, ಲೈನಿಗೆ ಬಂದ ಸಿಡಿಲನ್ನು ನೆಲಕ್ಕೆ ಇಳಿಸಲು. ಒಡೆದೋ ತಂತಿ ಕಿತ್ತೋ ಜೋತಾಡುತ್ತಿದ್ದರೆ ಊರವರೆಲ್ಲ ಸಹಿ ಹಾಕಿ ವಿದ್ಯುತ್ ಕಚೇರಿಗೆ ಬರೆದುಕೊಡಿ. ಅದು ಸರಿ ಇದ್ದರೆ ಇಡೀ ಊರಿಗೆ ಉಪಕಾರ.

ಇನ್ವರ್ಟರ್ ಇದೆ, ಅದು ತಡೆಯುವುದಿಲ್ಲವಾ ಅಂತಲೂ ಕೇಳಿದ್ದಿರಿ. ತಡೆಯುವುದಿಲ್ಲ. ಲೈನಿನಲ್ಲಿ ಕರೆಂಟ್ ಇರುವಾಗ ಸಾಮಾನ್ಯ ಇನ್ವರ್ಟರ್ ಅದನ್ನು ಹಾಗೇ ಒಂದು ರಿಲೇ ಮೂಲಕ ಮುಂದೆ ದಾಟಿಸುತ್ತದೆ. ಸ್ವಿಚ್ ಆಫ್ ಮಾಡಿದರೂ ಸಾಲದು. ಗೋಡೆಯ ಸ್ವಿಚ್ ಕಡಿಯುವುದು ಫೇಸ್ ಒಂದನ್ನೇ. ನ್ಯೂಟ್ರಲ್, ಅರ್ಥಿಂಗ್ ಎರಡೂ ಯಂತ್ರಕ್ಕೆ ಅಂಟಿಕೊಂಡೇ ಇರುತ್ತವೆ. ಪ್ಲಗ್ ಕೀಳುವುದಕ್ಕೆ ಸಾಟಿ ಇಲ್ಲ. ಆದರೆ ಕಿತ್ತದ್ದನ್ನು ಅಲ್ಲೇ ಸಾಕೆಟ್ಟಿನ ಬಾಯಿಗೆ ತಾಗುವಂತೆ ಬಿಡಬೇಡಿ, ಒಂದು ಗೇಣಾದರೂ ದೂರ ಇಡಿ.

ಈಗ ನಿಮ್ಮ ನೀಲಿ ಕೇಬಲ್. ಅದನ್ನು ತೆಗೆದುಬಿಡಿ ಅನ್ನುವುದೇ ನನ್ನ ಸಲಹೆ. ಎರಡು ಕಟ್ಟಡಗಳ ನಡುವೆ, ಬಯಲಿನಲ್ಲಿ, ತಾಮ್ರದ ಲ್ಯಾನ್ ಕೇಬಲ್ ಬೇಡ. ಪೈಪಿನೊಳಗೆ ಹಾಕಿ ಹೂತರೂ ಬೇಡ, ಪ್ಲಾಸ್ಟಿಕ್ ಪೈಪ್ ಸಿಡಿಲನ್ನು ತಡೆಯುವುದಿಲ್ಲ. ಅದರ ಬದಲು ಉಕ್ಕಿಲ್ಲದ 60 ಮೀಟರ್ ಫೈಬರ್ ಎಳೆಸಿ, ಎರಡು ತುದಿಗೂ ಒಂದೊಂದು ಮೀಡಿಯಾ ಕನ್ವರ್ಟರ್ ಹಾಕಿಸಿ. ಬೆಂಕಿಪೆಟ್ಟಿಗೆ ಕಟ್ಟಿನಷ್ಟಿರುವ ಬಾಕ್ಸ್ ಅದು, ಬೆಳಕನ್ನು ಲ್ಯಾನಿಗೆ ತಿರುಗಿಸುತ್ತದೆ. ಆಗ ಕೊಟ್ಟಿಗೆಗೂ ಮನೆಗೂ ನಡುವೆ ಇರುವುದು ಬರೀ ಗಾಜು. ಕೊಟ್ಟಿಗೆ ಕಡೆ ಏನೇ ಆದರೂ ಅಲ್ಲಿನ ಕ್ಯಾಮೆರಾ, ಒಂದು ಕನ್ವರ್ಟರ್ ಹೋಗಬಹುದು, ಮನೆಯೊಳಗೆ ಬರುವುದಿಲ್ಲ. ಇಷ್ಟೆಲ್ಲ ಬೇಡ ಅನ್ನಿಸಿದರೆ ವೈಫೈ ಕ್ಯಾಮೆರಾ ಹಾಕಿ. 60 ಮೀಟರ್‌ಗೆ ಸಿಗ್ನಲ್ ಎಳೆಯದಿದ್ದರೆ ಮನೆಯ ಹೊರಗೋಡೆಗೆ ಕೊಟ್ಟಿಗೆ ಕಡೆ ಮುಖ ಮಾಡಿದ ವೈಫೈ ಬಾಕ್ಸ್ ಒಂದು ಸಾಕಾಗಬಹುದು.

ಟಿವಿಗೂ ಲ್ಯಾನ್ ಬೇಡ, ವೈಫೈ ಇರಲಿ. ಡಿಶ್ ಕೇಬಲ್ ಮನೆಯೊಳಗೆ ಬರುವ ಜಾಗದಲ್ಲಿ ಅದರ ಹೊರಕವಚವನ್ನು ಮನೆಯ ಅದೇ ಅರ್ಥಿಂಗಿಗೆ ಜೋಡಿಸುವ ಪುಟ್ಟ ಲೋಹದ ಬ್ಲಾಕ್ ಸಿಗುತ್ತದೆ, ಹಾಕಿಸಿ. ಗುಡುಗಿನ ದಿನ ಸೆಟ್ ಟಾಪ್ ಬಾಕ್ಸಿನ ಹಿಂದಿನ ಆ ಸ್ಕ್ರೂ ಪಿನ್ ಬಿಚ್ಚಿಡುವುದನ್ನೂ ರೂಢಿ ಮಾಡಿಕೊಳ್ಳಿ. ಹತ್ತು ವರ್ಷದ ಹಿಂದೆ ನಮ್ಮ ಮನೆಯಲ್ಲೇ ಟಿವಿ ಹೋದದ್ದು ಈ ಪಿನ್ನಿನಿಂದ. ಪ್ಲಗ್ ಎಲ್ಲ ಕಿತ್ತು ನಿಶ್ಚಿಂತೆಯಿಂದ ಊಟಕ್ಕೆ ಕೂತಿದ್ದೆವು. ಪಕ್ಕದ ಹಲಸಿನ ಮರಕ್ಕೆ ಬಡಿಯಿತು. ಟಿವಿ ಹಿಂದೆ ಚಟ್ ಅಂತ ಒಂದು ಸದ್ದು, ನೀಲಿ ಕಿಡಿ. ಮರುದಿನ ನೋಡಿದರೆ ಆ ಪಿನ್ನಿನ ಸುತ್ತ ಕಂದು ಬಣ್ಣದ ಉಂಗುರ. ಪಕ್ಕದಲ್ಲಿ ಮನೆಯ ಲ್ಯಾಂಡ್‌ಲೈನಿನ ತಂತಿ ಹಾದು ಹೋಗಿತ್ತು, ಅದಕ್ಕೆ ಹಾರಿತ್ತು. ಅಂದಿನಿಂದ ನಾನು ಯಾವ ಮನೆಗೆ ಹೋದರೂ ಮೊದಲು ಮಾಡುವ ಕೆಲಸ ಒಂದೇ. ಯಂತ್ರದ ಹಿಂದೆ ಬಗ್ಗಿ, ಅದಕ್ಕೆ ಒಟ್ಟು ಎಷ್ಟು ತಂತಿ ಬಂದು ಸೇರಿವೆ ಅಂತ ಎಣಿಸುವುದು.

ನಿಮಗೆ ನೆಟ್ ನಿಲ್ಲಬಾರದು ಅಲ್ವಾ? ಅದಕ್ಕೆ ಒಳ್ಳೆ ಉಪಾಯ ಇದೆ. ರೂಟರಿಗೆ ಅಂತಲೇ 12 ವೋಲ್ಟಿನ ಪುಟ್ಟ ಯುಪಿಎಸ್ ಬರುತ್ತದೆ. ಫೈಬರ್ ಬಾಕ್ಸ್, ರೂಟರ್ ಎರಡಕ್ಕೂ ಅದರಿಂದಲೇ ಕರೆಂಟ್ ಕೊಡಿ. ನಿಮ್ಮ ಅಡಾಪ್ಟರಿನ ಮೇಲೆ ಬರೆದ ವೋಲ್ಟ್, ಆಂಪಿಯರ್ ಹೊಂದುತ್ತವೆಯಾ ಅಂತ ನೋಡಿಕೊಂಡು ತನ್ನಿ. ಗುಡುಗು ಕೇಳಿದ ಕೂಡಲೇ ಯುಪಿಎಸ್‌ನ ಪ್ಲಗ್ಗನ್ನು ಗೋಡೆಯಿಂದ ಕಿತ್ತುಬಿಡಿ. ಲ್ಯಾಪ್‌ಟಾಪ್ ಚಾರ್ಜರನ್ನೂ ಕೀಳಿ. ಈಗ ರೂಟರಿಗೆ ಹೊರಗಿನಿಂದ ಬರುವುದು ಗಾಜಿನ ಎಳೆ ಒಂದೇ. ಬ್ಯಾಟರಿ ಮೇಲೆ ಒಂದೆರಡು ಗಂಟೆ ವೈಫೈ ನಡೆಯುತ್ತದೆ. ಸಂಜೆಯ ಸಿಡಿಲು ಮಳೆ ಅಷ್ಟರಲ್ಲಿ ಸಾಮಾನ್ಯವಾಗಿ ಮುಗಿದಿರುತ್ತದೆ. ನೀವು ಮೀಟಿಂಗಿನಲ್ಲಿ ಮಾತಾಡುತ್ತಲೇ ಇರಬಹುದು. ಈ ಒಂದು ವ್ಯವಸ್ಥೆ ಮಾಡಿಕೊಂಡವರು ಮಳೆಗಾಲದಲ್ಲಿ ಎಷ್ಟು ನೆಮ್ಮದಿಯಿಂದಿದ್ದಾರೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ.

ಕೀಳುವ ಹೊತ್ತು ಮುಖ್ಯ. ಮಿಂಚು ಕಂಡ ಕೂಡಲೇ ಎಣಿಸಿ. ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಎಷ್ಟು ಕಿಲೋಮೀಟರ್ ದೂರ ಅಂತ ಸಿಗುತ್ತದೆ. 30 ಎಣಿಸುವುದರೊಳಗೆ ಗುಡುಗು ಬಂತು ಅಂದರೆ ಹತ್ತು ಕಿಲೋಮೀಟರ್ ಒಳಗಿದೆ. ಅಷ್ಟರೊಳಗೆ ಎಲ್ಲ ಕಿತ್ತಾಗಿರಬೇಕು. ತಲೆ ಮೇಲೇ ಬಂದ ಮೇಲೆ ಟಿವಿ ಉಳಿಸಲು ಓಡಬೇಡಿ. ಆಗ ವೈರ್, ಪ್ಲಗ್, ನಲ್ಲಿ ಯಾವುದನ್ನೂ ಮುಟ್ಟಬಾರದು. ಟಿವಿ ಹೋದರೆ ಹೋಗಲಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರ ದಾಮಿನಿ ಆ್ಯಪ್ ಮೊಬೈಲಿನಲ್ಲಿ ಇಟ್ಟುಕೊಳ್ಳಿ, ಸುತ್ತಮುತ್ತ ಎಲ್ಲಿ ಸಿಡಿಲು ಬೀಳುತ್ತಿದೆ ಅಂತ ತೋರಿಸುತ್ತದೆ. ಊರಿಗೆ ಹೋಗುವಾಗಲಂತೂ ಮೋಡ ಇರಲಿ ಬಿಡಲಿ, ಎಲ್ಲ ಕಿತ್ತಿಟ್ಟೇ ಹೊರಡಿ.

ಮಾಡಿನ ಮೇಲಿನ ಅರೆಸ್ಟರ್ ಬಗ್ಗೆ: ಅದು ಕಾಪಾಡುವುದು ಕಟ್ಟಡವನ್ನು. ಸಿಡಿಲು ನೇರ ಮನೆಗೇ ಬಡಿದಾಗ ಹಂಚು ಹಾರಿ, ಜಂತಿಗೆ ಬೆಂಕಿ ಬೀಳದಂತೆ ಕರೆಂಟನ್ನು ನೆಲಕ್ಕೆ ಇಳಿಸುತ್ತದೆ. ಗುಡ್ಡದ ತಲೆ ಮೇಲೆ ಒಂಟಿ ಮನೆ ಇದ್ದರೆ ಖಂಡಿತ ಬೇಕು. ರೂಟರಿನ ಲೆಕ್ಕಕ್ಕೆ ಅದರಿಂದ ಲಾಭ ಇಲ್ಲ. ಅರೆಸ್ಟರ್ ಸಾವಿರಾರು ಆಂಪಿಯರನ್ನು ನಿಮ್ಮ ಗೋಡೆ ಪಕ್ಕದಲ್ಲೇ ಇಳಿಸುವುದರಿಂದ, ಎಸ್‌ಪಿಡಿ ಮತ್ತು ಅರ್ಥಿಂಗ್ ಜೋಡಣೆ ಸರಿ ಇಲ್ಲದಿದ್ದರೆ ಒಳಗಿನ ಯಂತ್ರಗಳಿಗೆ ತೊಂದರೆ ಹೆಚ್ಚೇ. ಒಂದು ಕೊಳವೆ ನಿಲ್ಲಿಸಿದರೆ ಸುತ್ತ ನೂರು ಮೀಟರ್‌ವರೆಗೆ ರಕ್ಷಣೆ ಅಂತ ದುಬಾರಿ ಅರೆಸ್ಟರ್ ಮಾರುತ್ತಾರೆ. ಸಿಡಿಲಿನ ರಕ್ಷಣೆಗೆ ನಮ್ಮ ದೇಶ ಒಪ್ಪಿಕೊಂಡ ಮಾನದಂಡ ಐಎಸ್/ಐಇಸಿ 62305. ಅದು ಇಂಥ ನೂರು ಮೀಟರಿನ ಲೆಕ್ಕವನ್ನು ಮಾನ್ಯ ಮಾಡುವುದಿಲ್ಲ. ಹಾಕಿಸುವುದೇ ಆದರೆ ಆ ಮಾನದಂಡದ ಪ್ರಕಾರ ಸಾದಾ ತಾಮ್ರದ ಇಲ್ಲವೇ ಅಲ್ಯೂಮಿನಿಯಂ ಪಟ್ಟಿ, ಎರಡು ಕಡೆಯಿಂದ ಇಳಿಕೆ, ಸರಿಯಾದ ಗುಂಡಿ, ಇಷ್ಟು ಕೇಳಿ. ನಿಮ್ಮ ಮನೆ ತಗ್ಗಿನಲ್ಲಿದೆ. ನನ್ನ ಮಾತು ಕೇಳುವುದಾದರೆ ಈ ಬೇಸಿಗೆಯ ದುಡ್ಡು ಅರ್ಥಿಂಗ್, ಎಸ್‌ಪಿಡಿ, ಫೈಬರ್ ತುಂಡಿಗೆ ಹೋಗಲಿ. ಅರೆಸ್ಟರ್ ಮುಂದೆ ನೋಡೋಣ.

ಕೊನೆಗೆ ಅಮ್ಮನ ಮೊಬೈಲ್. ಕೈಯಲ್ಲಿರುವ ಮೊಬೈಲ್ ಸಿಡಿಲನ್ನು ಕರೆಯುವುದಿಲ್ಲ, ಮನೆಯೊಳಗೆ ಮಾತಾಡಲು ಏನೂ ಅಡ್ಡಿ ಇಲ್ಲ. ಆದರೆ ಚಾರ್ಜಿಗೆ ಹಾಕಿದ ಮೊಬೈಲ್ ಹಿಡಿದು ಮಾತಾಡುವುದು ನಿಜವಾಗಿ ಅಪಾಯ, ಅದರ ಬಾಲ ಗೋಡೆಯ ವೈರಿಂಗಿನಲ್ಲಿದೆ. ಆಫ್ ಮಾಡಬೇಡಿ ಅಮ್ಮ, ಚಾರ್ಜರ್ ಕೀಳಿಸಿ ಅಂತ ಹೇಳಿ. ಗುಡುಗು ಬಂದ ಕೂಡಲೇ ಮನೆಯಲ್ಲಿ ಮೊದಲು ಏಳುವವರು ಅವರೇ ಅಲ್ವಾ. ಯುಪಿಎಸ್ ಪ್ಲಗ್, ಟಿವಿ ಪ್ಲಗ್, ಡಿಶ್ ಪಿನ್, ಮೂರನ್ನೂ ಅವರಿಗೇ ಒಮ್ಮೆ ತೋರಿಸಿಕೊಡಿ.